ಹೊಳೆ ಗೋಡು, ಮರಳು, ಕಲ್ಲನ್ನು ಒಟ್ಟಿಗೆ ಹೇಗೆ ಹೊರುತ್ತದೆ? ನೀವೇ ಅಳೆದು ತಿಳಿಯುವ ಸಮಗ್ರ ಮಾರ್ಗದರ್ಶಿ

ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಕುಮಾರಧಾರೆ ಹೊಳೆಗೆ ಇಳಿದು, ಕಾಲಡಿಯ ಒಂದು ತೆಂಗಿನಕಾಯಿ ಗಾತ್ರದ ಕಲ್ಲನ್ನು ಎತ್ತಿ ನೋಡಿ. ಎತ್ತುವ ಮೊದಲು ಕಾಣುವುದು ಬರೀ ಕಲ್ಲಿನ ಹಾಸು. ಎತ್ತಿದ ಮೇಲೆ ಅದರ ಅಚ್ಚು ಬಿದ್ದ ಗುಂಡಿಯಲ್ಲಿ ಉಗುರಿನಷ್ಟು ಬೆಣಚುಕಲ್ಲುಗಳು, ಅವುಗಳ ಸಂದಿಯಲ್ಲಿ ಮರಳು, ಮರಳಿಗೆ ಅಂಟಿಕೊಂಡ ಕೆಂಪು ಗೋಡು, ಅಂದರೆ ಹಿಟ್ಟಿನಂಥ ನುಣ್ಣನೆಯ ಮಣ್ಣು. ನೀರು ಕದಡಿ ಒಂದು ಕೆಂಪು ಮೋಡ ಎದ್ದು ಕೆಳಗೆ ಹರಿದು ಹೋಗುತ್ತದೆ. ಮರಳು ಒಂದು ಗೇಣು ಸರಿದು ಕೂರುತ್ತದೆ. ಬೆಣಚುಕಲ್ಲು ಅಲ್ಲಾಡುವುದೇ ಇಲ್ಲ.

ಬೇಸಿಗೆಯಲ್ಲಿ ಮೂರಕ್ಕೂ ಮೂರು ನಡೆ. ಮಳೆಗಾಲದಲ್ಲಿ ಮೂರೂ ಒಟ್ಟಿಗೆ ಹೊರಡುತ್ತವೆ, ಆಗ ಒಂದು ಇನ್ನೊಂದರ ನಡೆಯನ್ನು ಬದಲಿಸುತ್ತದೆ. ಸಣ್ಣದು ದೊಡ್ಡದನ್ನು ಸಾಗಿಸಲು ನೆರವಾಗುತ್ತದೆ. ದೊಡ್ಡದು ಸಣ್ಣದಕ್ಕೆ ಮರೆಯಾಗುತ್ತದೆ. ಆದರೆ ನಾವು ಲೆಕ್ಕ ಇಡುವುದು ಬೇರೆ ಬೇರೆ: ಮರಳಿಗೆ ಲಾರಿ ಲೆಕ್ಕ, ಹೂಳಿಗೆ ಅಣೆಕಟ್ಟಿನ ಟಿಎಂಸಿ ಲೆಕ್ಕ, ಕಲ್ಲಿಗೆ ಲೆಕ್ಕವೇ ಇಲ್ಲ. ಮಿಶ್ರಣವನ್ನು ಮಿಶ್ರಣವಾಗಿಯೇ ಅಳೆದರೆ ಮಾತ್ರ ಹೊಳೆ ಅರ್ಥವಾಗುತ್ತದೆ. ಅದಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಒಂದು ಬಕೆಟ್, ಅಳತೆ ಟೇಪು, ಎರಡು-ಮೂರು ಜರಡಿ, ಗಾಜಿನ ಬಾಟಲಿ, ಗಾರೆಯವರ ಟ್ಯೂಬ್ ಲೆವೆಲ್, ಕೊಕ್ಕೆ ತಕ್ಕಡಿ, ನೋಟ್‌ಬುಕ್ ಇದ್ದರೆ ಸಾಕು. ಜೊತೆಗೆ ಒಬ್ಬರು ಬರೆದುಕೊಳ್ಳುವವರು ಬೇಕು.

ಹಂತ 1: ಜಾಗ ಮತ್ತು ಕಾಲ

ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ನೀರು ಮೊಣಕಾಲಿಗಿಂತ ಕೆಳಗಿರುತ್ತದೆ, ತಳ ಕಾಣುತ್ತದೆ. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬೇಡಿ. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಮಳೆ ಸುರಿದರೆ ಹೊಳೆ ಹೇಳದೆ ಕೇಳದೆ ಏರುತ್ತದೆ.

ನೇರವಾಗಿ ಹರಿಯುವ ಕಡೆ, ಬದಿಯಲ್ಲಿ ಕಲ್ಲಿನ ದಿಬ್ಬ ಇರುವ ಜಾಗ ಹುಡುಕಿ. ಹತ್ತಿರದಲ್ಲಿ ಕಿಂಡಿ ಅಣೆಕಟ್ಟು ಇದ್ದರೆ ಬೇಡ. ಹಲಗೆ ಹಾಕಿದಾಗ ಅದರ ಹಿಂದೆ ನೀರು ನಿಂತು ಗೋಡು ಕೂರುತ್ತದೆ, ಅದು ಹೊಳೆಯ ಸಹಜ ತಳ ಅಲ್ಲ. ಮರಳು ತೆಗೆದ ಗುಂಡಿಯ ಹತ್ತಿರವೂ ಬೇಡ. ಇನ್ನೊಂದು ಮಾತು: ದಿಬ್ಬದ ಮೇಲ್ತುದಿಯಲ್ಲಿ ಕಲ್ಲು ದಪ್ಪ, ಕೆಳತುದಿಯಲ್ಲಿ ಸಣ್ಣ. ಹೊಳೆಯೇ ವಿಂಗಡಿಸಿ ಇಟ್ಟಿರುತ್ತದೆ. ಹಾಗಾಗಿ ಪ್ರತಿ ವರ್ಷ ದಿಬ್ಬದ ಅದೇ ಭಾಗದಲ್ಲಿ ಅಳೆಯಿರಿ. ದಡದ ಒಂದು ಮರವನ್ನು ಗುರುತಿಗೆ ಇಟ್ಟುಕೊಳ್ಳಿ.

ಹಂತ 2: ಗಾತ್ರಕ್ಕೊಂದು ಹೆಸರು

ಎಲ್ಲರೂ ಒಂದೇ ಅಳತೆ ಹೇಳಬೇಕಲ್ವಾ? 1922ರಲ್ಲಿ ವೆಂಟ್‌ವರ್ತ್ ಎಂಬ ಭೂವಿಜ್ಞಾನಿ ಕೊಟ್ಟ ಪಟ್ಟಿಯನ್ನೇ ಇಂದಿಗೂ ಹೆಚ್ಚಿನವರು ಬಳಸುತ್ತಾರೆ. 0.004 ಮಿ.ಮೀ.ಗಿಂತ ಸಣ್ಣದು ಜೇಡಿ. ಅಲ್ಲಿಂದ ಸುಮಾರು 0.06 ಮಿ.ಮೀ. ವರೆಗೆ ಗೋಡು. 0.06ರಿಂದ 2 ಮಿ.ಮೀ. ಮರಳು, ನಮ್ಮ ಕರಾವಳಿಯವರ ಬಾಯಲ್ಲಿ ಹೊಯ್ಗೆ. 2ರಿಂದ 64 ಮಿ.ಮೀ. ಜಲ್ಲಿ. 64ರಿಂದ 256 ಮಿ.ಮೀ. ಗುಂಡುಕಲ್ಲು. ಅದಕ್ಕೂ ದೊಡ್ಡದು ಬಂಡೆ.

ಬೆರಳಿಗೂ ಗೊತ್ತಾಗುತ್ತದೆ. ಚಿಟಿಕೆಯಲ್ಲಿ ತಿಕ್ಕಿದಾಗ ಚರಚರ ಅಂದರೆ ಮರಳು. ಹಿಟ್ಟಿನ ಹಾಗೆ ನುಣ್ಣಗಿದ್ದು ಒಣಗಿದ ಮೇಲೆ ಊದಿದರೆ ಹಾರುವುದು ಗೋಡು. ಅಂಟಿ ಉಂಡೆ ಕಟ್ಟುವುದು ಜೇಡಿ.

ಹಂತ 3: ಮೇಲಿನ ಹಾಸಿನ ನೂರು ಕಲ್ಲು

ಅಮೆರಿಕದ ಗಾರ್ಡನ್ ವೋಲ್ಮನ್ 1954ರಲ್ಲಿ ತಿಳಿಸಿದ ವಿಧಾನ ಇದು. ಇದಕ್ಕಿಂತ ಸರಳ ಮತ್ತು ಪ್ರಾಮಾಣಿಕ ಅಳತೆ ನನಗೆ ಗೊತ್ತಿಲ್ಲ. ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತ ಹೆಜ್ಜೆ ಇಡಿ. ಪ್ರತಿ ಹೆಜ್ಜೆಗೂ ಮುಖ ಬೇರೆ ಕಡೆ ತಿರುಗಿಸಿ, ಬಗ್ಗಿ, ಹೆಬ್ಬೆರಳ ತುದಿಯಲ್ಲಿ ಕೈಗೆ ಮೊದಲು ತಾಗಿದ ಕಲ್ಲನ್ನು ಎತ್ತಿ. ಮುಖ ತಿರುಗಿಸುವುದು ಯಾಕೆಂದರೆ ಕಣ್ಣು ಚೆಂದದ ಕಲ್ಲನ್ನು, ದಪ್ಪ ಕಲ್ಲನ್ನು ಆರಿಸುತ್ತದೆ. ಮರಳು ತಾಗಿದರೆ "ಮರಳು" ಅಂತಲೇ ಬರೆಯಿರಿ, ಬಿಟ್ಟು ಮುಂದೆ ಹೋಗಬೇಡಿ.

ಕಲ್ಲಿಗೆ ಮೂರು ಅಳತೆ: ಉದ್ದ, ಅಗಲ, ದಪ್ಪ. ನಮಗೆ ಬೇಕಾದದ್ದು ನಡುವಿನದು, ಅಂದರೆ ಅಗಲ. ಜರಡಿಯ ತೂತಿನಲ್ಲಿ ಕಲ್ಲು ದಾಟುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಅದೇ. ಟೇಪಿನ ಬದಲು ಒಂದು ಪ್ಲೈವುಡ್ ತುಂಡಿನಲ್ಲಿ 8, 16, 32, 64, 128 ಮಿ.ಮೀ. ಚೌಕ ತೂತು ಕೊರೆಸಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ. ಬಡಗಿ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ.

ನೂರು ಕಲ್ಲು ಆದ ಮೇಲೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. 50ನೆಯದು ನಡುಗಾತ್ರ. 84ನೆಯದು ದಪ್ಪ ಕಲ್ಲುಗಳ ಪ್ರತಿನಿಧಿ. ಈ ಎರಡು ಸಂಖ್ಯೆಗಳ ಸುತ್ತ ದುಂಡು ಹಾಕಿ.

ಹಂತ 4: ಹಾಸಿನ ಕೆಳಗೆ ಏನಿದೆ

ಮೇಲೆ ಕಂಡದ್ದನ್ನೇ ಹೊಳೆ ಹೊರುತ್ತದೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಮಿಕ್ಸ್‌ಚರ್ ಡಬ್ಬವನ್ನು ನಾಲ್ಕು ದಿನ ಆಚೀಚೆ ಎತ್ತಿಟ್ಟ ಮೇಲೆ ಮುಚ್ಚಳ ತೆಗೆದರೆ ಏನು ಕಾಣುತ್ತದೆ? ಕಡಲೆಬೀಜ, ಗೋಡಂಬಿ ಮೇಲೆ. ಸೇವಿನ ಪುಡಿ ಪೂರ್ತಿ ತಳದಲ್ಲಿ. ಹೊಳೆಯ ತಳದಲ್ಲೂ ಹಾಗೆಯೇ. ಕಲ್ಲುಗಳು ಅಲುಗಿದಾಗ ಸಣ್ಣದು ಸಂದಿಯಲ್ಲಿ ಕೆಳಕ್ಕೆ ಇಳಿಯುತ್ತದೆ. ಉಳಿದ ಸಣ್ಣದನ್ನು ನೀರು ಕೊಚ್ಚಿಕೊಂಡು ಹೋಗುತ್ತದೆ. ಮೇಲೆ ದಪ್ಪ ಕಲ್ಲಿನ ಕವಚ ಉಳಿಯುತ್ತದೆ.

ಒಂದು ಮೀಟರ್ ಚೌಕ ಗುರುತು ಮಾಡಿ. ಮೇಲಿನ ಒಂದು ಕಲ್ಲಿನ ದಪ್ಪದ ಪದರವನ್ನು ಕೈಯಲ್ಲೇ ತೆಗೆದು ಬದಿಗಿಡಿ. ಕೆಳಗಿನದನ್ನು ಬಕೆಟ್ಟಿಗೆ ತುಂಬಿ. ಎಷ್ಟು ಬೇಕು? ಅದರಲ್ಲಿನ ಅತಿ ದೊಡ್ಡ ಕಲ್ಲು ಒಟ್ಟು ತೂಕದ ನೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. 6 ಸೆಂ.ಮೀ. ಕಲ್ಲು ಸುಮಾರು 300 ಗ್ರಾಂ ತೂಗುತ್ತದೆ, ಹಾಗಾದರೆ 30 ಕಿಲೋ, ಅಂದರೆ ಒಂದು ದೊಡ್ಡ ಬಕೆಟ್ ಸಾಕು. 10 ಸೆಂ.ಮೀ. ಕಲ್ಲಾದರೆ ಅದೇ 1.4 ಕಿಲೋ, ಆಗ 140 ಕಿಲೋ ಅಗೆಯಬೇಕು. ಅದಕ್ಕೇ ಮೊದಲ ಸಲ ಜಲ್ಲಿ ಗಾತ್ರದ ಜಾಗ ಆರಿಸಿಕೊಳ್ಳಿ.

ಟಾರ್ಪಾಲಿನ ಮೇಲೆ ಹರಡಿ ಬಿಸಿಲಿಗೆ ಒಣಗಿಸಿ. ದಪ್ಪದ್ದನ್ನು ಪ್ಲೈವುಡ್ ತೂತಿನಿಂದ, ಸಣ್ಣದನ್ನು ಮರಳು ಜರಡಿ ಮತ್ತು 2 ಮಿ.ಮೀ. ಬಲೆಯಿಂದ ಜಾಲಿಸಿ, ಒಂದೊಂದು ಗಾತ್ರವನ್ನೂ ತೂಗಿ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಅದೇ ಗುಂಡಿಗೆ ಸುರಿದು, ಮೇಲಿನ ಕಲ್ಲುಗಳನ್ನು ಮತ್ತೆ ಹಾಸಿ. ಆ ಕಲ್ಲುಗಳ ಅಡಿಯಲ್ಲಿ ಹುಳ, ಮೀನಿನ ಮೊಟ್ಟೆ ಇರುತ್ತವೆ.

ಬಕೆಟ್ಟಿನ ಅರ್ಧ ತೂಕ ಯಾವ ಗಾತ್ರಕ್ಕಿಂತ ಸಣ್ಣದೋ ಅದು ಕೆಳಗಿನ ನಡುಗಾತ್ರ. ಈಗ ಮೇಲಿನ ನಡುಗಾತ್ರವನ್ನು ಕೆಳಗಿನ ನಡುಗಾತ್ರದಿಂದ ಭಾಗಿಸಿ. 1ರ ಹತ್ತಿರ ಬಂದರೆ ಮೇಲಿನಿಂದ ಮಣ್ಣು, ಮರಳು ಧಾರಾಳವಾಗಿ ಬರುತ್ತಿದೆ. 2, 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೊಳೆಗೆ ಸಣ್ಣದರ ಪೂರೈಕೆ ಕಡಿಮೆ. ದೊಡ್ಡ ಅಣೆಕಟ್ಟಿನ ಕೆಳಗೆ ಹೀಗಾಗುವುದುಂಟು. ಮರಳೆಲ್ಲ ಜಲಾಶಯದಲ್ಲೇ ನಿಂತುಬಿಡುತ್ತದೆ, ಹೊರಬಿಟ್ಟ ನೀರು ಹಸಿದಿರುತ್ತದೆ, ಕೆಳಗಿನ ತಳವನ್ನು ಕೆರೆದು ಕಲ್ಲು ಮಾತ್ರ ಉಳಿಸುತ್ತದೆ.

ಹಂತ 5: ನೆರೆಯ ಬಲ ಎಷ್ಟು

ಹೊಳೆ ತಳವನ್ನು ಎಳೆಯುವ ಬಲಕ್ಕೆ ಎರಡೇ ಮುಖ್ಯ ಅಳತೆ: ನೀರಿನ ಆಳ, ಇಳಿಜಾರು.

ಇಳಿಜಾರಿಗೆ ಟ್ಯೂಬ್ ಲೆವೆಲ್ ಬಳಸಿ. ಮನೆ ಕಟ್ಟುವಾಗ ಮೇಸ್ತ್ರಿ ಮಟ್ಟ ನೋಡುವ ಅದೇ ನೀರು ತುಂಬಿದ ಪಾರದರ್ಶಕ ಪೈಪು. 20 ಮೀಟರ್ ಪೈಪಿನಲ್ಲಿ ಐದು ಸಲ ಮುಂದೆ ಸರಿದರೆ 100 ಮೀಟರ್. ಹೊಳೆಯ ನೀರಿನ ಮೇಲ್ಮೈ ಎಷ್ಟು ಇಳಿದಿದೆ ಎಂದು ಕೂಡಿಸಿ. 30 ಸೆಂ.ಮೀ. ಇಳಿದಿದ್ದರೆ ಇಳಿಜಾರು 0.003. ನೆರೆಯ ಆಳಕ್ಕೆ ದಡದ ಪೊದೆಗಳನ್ನು ನೋಡಿ. ಕಳೆದ ಮಳೆಗಾಲದ ಕಸ, ಪ್ಲಾಸ್ಟಿಕ್ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ? ಅಲ್ಲಿಂದ ತಳಕ್ಕೆ ಅಳೆಯಿರಿ.

1936ರಲ್ಲಿ ಬರ್ಲಿನ್‌ನಲ್ಲಿ ಆಲ್ಬರ್ಟ್ ಶೀಲ್ಡ್ಸ್ ಮಾಡಿದ ಪ್ರಯೋಗಗಳಿಂದ ಬಂದ ಲೆಕ್ಕವನ್ನು ಹೊಳೆಕಲ್ಲಿಗೆ ಸರಳ ಮಾಡಿದರೆ ಹೀಗಾಗುತ್ತದೆ: ಆಳ × ಇಳಿಜಾರು × 13 = ಅಲುಗಬಲ್ಲ ಕಲ್ಲಿನ ಗಾತ್ರ, ಆಳವೂ ಗಾತ್ರವೂ ಮೀಟರಿನಲ್ಲಿ. ಆಳ 1.5 ಮೀಟರ್, ಇಳಿಜಾರು 0.003 ಎಂದುಕೊಳ್ಳಿ. 1.5 × 0.003 × 13 = 0.0585. ಅಂದರೆ ಸುಮಾರು 6 ಸೆಂ.ಮೀ. ಕಲ್ಲು ಏಳುವ ಹೊತ್ತು ಅದು.

ಅದೇ ಅಳತೆಯಿಂದ ಇನ್ನೊಂದು ವಿಷಯವೂ ಸಿಗುತ್ತದೆ. 10 × ಆಳ × ಇಳಿಜಾರು, ಅದರ ವರ್ಗಮೂಲ. ಮೇಲಿನ ಉದಾಹರಣೆಗೆ ಸೆಕೆಂಡಿಗೆ ಸುಮಾರು 21 ಸೆಂ.ಮೀ. ಬರುತ್ತದೆ. ನೀರಿನ ಸುಳಿಗಳು ಕಣವನ್ನು ಮೇಲೆತ್ತುವ ವೇಗ ಹೆಚ್ಚುಕಡಿಮೆ ಇಷ್ಟು. ಯಾವ ಕಣ ಇದಕ್ಕಿಂತ ಬಹಳ ನಿಧಾನವಾಗಿ ಮುಳುಗುತ್ತದೋ ಅದು ತೇಲಿಕೊಂಡು ಹೋಗುತ್ತದೆ. ಯಾವುದು ಬೇಗ ಮುಳುಗುತ್ತದೋ ಅದು ತಳದಲ್ಲೇ ಉರುಳುತ್ತ, ಕುಪ್ಪಳಿಸುತ್ತ ಹೋಗುತ್ತದೆ. 0.06 ಮಿ.ಮೀ. ಕಣ ಸೆಕೆಂಡಿಗೆ ಸುಮಾರು 3 ಮಿ.ಮೀ. ಮುಳುಗುತ್ತದೆ. 1 ಮಿ.ಮೀ. ಮರಳು ಸೆಕೆಂಡಿಗೆ 10 ಸೆಂ.ಮೀ.ಗೂ ಹೆಚ್ಚು. ಅಂದರೆ ನಮ್ಮ ಉದಾಹರಣೆಯ ನೆರೆಯಲ್ಲಿ ಗೋಡು ಮೇಲಿನವರೆಗೂ ಸಮವಾಗಿ ಹರಡಿರುತ್ತದೆ. ದಪ್ಪ ಮರಳು ತಳದ ಹತ್ತಿರ ಏಳುತ್ತ ಬೀಳುತ್ತ ಇರುತ್ತದೆ. ಕಲ್ಲು ಉರುಳುತ್ತದೆ. ನೆರೆ ಇಳಿದಂತೆ ಮರಳು ತೇಲುವುದನ್ನು ಬಿಟ್ಟು ತಳ ಸೇರುತ್ತದೆ. ಗೋಡು ಮಾತ್ರ ಹೋಗುತ್ತಲೇ ಇರುತ್ತದೆ.

ಹಂತ 6: ಮಿಶ್ರಣಕ್ಕೆ ತಕ್ಕ ತಿದ್ದುಪಡಿ

ದಯವಿಟ್ಟು ಈ ಹಂತವನ್ನು ನಿಧಾನವಾಗಿ ಓದಿ. ಮೇಲಿನ 13ರ ಲೆಕ್ಕ ಒಂದೇ ಗಾತ್ರದ ಕಲ್ಲುಗಳಿಗೆ. ಆ ಲೆಕ್ಕದ ಪ್ರಕಾರ ನಾಲ್ಕು ಪಟ್ಟು ದೊಡ್ಡ ಕಲ್ಲಿಗೆ ನಾಲ್ಕು ಪಟ್ಟು ಬಲ ಬೇಕು. ನಿಜವಾದ ಹೊಳೆಯಲ್ಲಿ ಅಷ್ಟು ಬೇಕಾಗುವುದಿಲ್ಲ.

ಸಣ್ಣ ಕಲ್ಲುಗಳ ನಡುವೆ ಕೂತ ದೊಡ್ಡ ಕಲ್ಲು ತಲೆ ಎತ್ತಿ ನಿಂತಿರುತ್ತದೆ. ಸೆಳವು ನೇರವಾಗಿ ಅದಕ್ಕೇ ಬಡಿಯುತ್ತದೆ. ಸಣ್ಣ ಕಲ್ಲು ಅದರ ಮರೆಯಲ್ಲಿ, ಸಂದಿಯಲ್ಲಿ ಅವಿತಿರುತ್ತದೆ. ಹಾಗಾಗಿ ದೊಡ್ಡದು ತನ್ನ ತೂಕಕ್ಕೆ ಹೋಲಿಸಿದರೆ ಸುಲಭವಾಗಿ ಏಳುತ್ತದೆ, ಸಣ್ಣದು ಕಷ್ಟದಲ್ಲಿ ಏಳುತ್ತದೆ. ಈ ಮರೆಯಾಗುವ ಗುಣವನ್ನು 1950ರಲ್ಲಿ ಲೆಕ್ಕದೊಳಗೆ ತಂದವರು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್. ಹೌದು, ಆಲ್ಬರ್ಟ್ ಐನ್‌ಸ್ಟೈನರ ಮಗ. ಅವರು ಬದುಕಿಡೀ ನದಿಯ ಮರಳಿನ ಹಿಂದೆ ಹೋದವರು. ಒಟ್ಟಿನಲ್ಲಿ, ಜಲ್ಲಿ ಹೊಳೆಗಳಲ್ಲಿ ನಡುಗಾತ್ರದ ಕಲ್ಲು ಏಳುವ ಹೊತ್ತಿಗೆ ಬಹುತೇಕ ಎಲ್ಲ ಗಾತ್ರಗಳೂ ಏಳುವ ಹತ್ತಿರ ಬಂದಿರುತ್ತವೆ. ಅದಕ್ಕೇ 13ರ ಲೆಕ್ಕದಿಂದ ಬಂದ ಉತ್ತರವನ್ನು ಹಂತ 3ರ ನಡುಗಾತ್ರದ ಜೊತೆ ಹೋಲಿಸಿ. ಉತ್ತರ ನಡುಗಾತ್ರಕ್ಕಿಂತ ದೊಡ್ಡದಾದರೆ ಕವಚ ಒಡೆಯುತ್ತದೆ. ಒಡೆದ ಮೇಲೆ ಅದರಡಿಯಲ್ಲಿದ್ದ ಮರಳೆಲ್ಲ ಒಮ್ಮೆಲೇ ಹೊರಬರುತ್ತದೆ.

ಎರಡನೇ ತಿದ್ದುಪಡಿ ಮರಳಿನ ಪಾಲಿಗೆ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನಕ್ಕಾಗಿ ಗುಡ್ಡಗಳಿಗೆ ರಭಸದ ನೀರು ಹಾಯಿಸಿ ಕರಗಿಸುತ್ತಿದ್ದರು. ಕೆಳಗಿನ ಹೊಲ, ಊರುಗಳ ಮೇಲೆ ಕಲ್ಲು-ಮರಳು ಬಂದು ಕೂತಿತು. 1884ರಲ್ಲಿ ಕೋರ್ಟು ತಡೆಯಿತು. ಆ ಹೊರೆ ಹೇಗೆ ಸಾಗುತ್ತದೆ ಎಂದು ತಿಳಿಯಲು ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಬರ್ಕ್ಲಿಯಲ್ಲಿ ಉದ್ದನೆಯ ತೊಟ್ಟಿಗಳಲ್ಲಿ ನೀರು ಹರಿಸಿ ಅಳೆದರು. 1914ರ ಅವರ ವರದಿಯಲ್ಲಿ ಒಂದು ಅಚ್ಚರಿಯ ಸಂಗತಿ ಇದೆ: ದಪ್ಪ ಕಣಗಳಿಗೆ ಸಣ್ಣ ಕಣ ಬೆರೆಸಿದರೆ, ಅದೇ ನೀರು ದಪ್ಪ ಕಣಗಳನ್ನೇ ಮೊದಲಿಗಿಂತ ಜಾಸ್ತಿ ಸಾಗಿಸುತ್ತದೆ. ಹೊರೆ ಹೆಚ್ಚಾದರೆ ನೀರು ಸೋಲಬೇಕಿತ್ತು ಅಲ್ವಾ? ಹಾಗಾಗಲಿಲ್ಲ. ಮರಳು ಕಲ್ಲಿನ ನಡುವಿನ ಗುಂಡಿಗಳನ್ನು ತುಂಬಿ ತಳವನ್ನು ನುಣುಪು ಮಾಡುತ್ತದೆ. ಕಲ್ಲಿಗೆ ಕಾಲೂರಲು ಜಾಗ ಇರುವುದಿಲ್ಲ. ಉರುಳಿದರೆ ಉರುಳುತ್ತಲೇ ಹೋಗುತ್ತದೆ.

ನಿಮ್ಮ ಬಕೆಟ್ಟಿನ ತೂಕ ಈಗ ಕೆಲಸಕ್ಕೆ ಬರುತ್ತದೆ. 2 ಮಿ.ಮೀ.ಗಿಂತ ಸಣ್ಣದು ಒಟ್ಟಿನ ಎಷ್ಟು ಪಾಲು? ಶೇ. 10ರ ಒಳಗಿದ್ದರೆ ಕಲ್ಲಿಗೆ ಕಲ್ಲು ತಾಗಿ ನಿಂತಿದೆ, ಮರಳು ಸಂದಿಯಲ್ಲಿ ಸುಮ್ನೆ ಕೂತಿದೆ. ಶೇ. 10ರಿಂದ 30ರ ನಡುವೆ ಸ್ವಭಾವವೇ ಬದಲಾಗುತ್ತದೆ. ಸ್ವಲ್ಪ ಮರಳು ಹೆಚ್ಚಾದರೂ ಕಲ್ಲಿನ ಸಾಗಣೆ ಹಲವು ಪಟ್ಟು ಏರಬಹುದು. ಅದನ್ನೂ ದಾಟಿದರೆ ಕಲ್ಲುಗಳು ಮರಳಿನಲ್ಲಿ ದ್ರಾಕ್ಷಿಯ ಹಾಗೆ ಹುದುಗಿರುತ್ತವೆ. ಗುಡ್ಡ ಕುಸಿದ ವರ್ಷ ಇದು ಕಣ್ಣಿಗೆ ಕಾಣುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಜೇಡಿಯಿಂದ ಬಂಡೆಯವರೆಗೆ ಎಲ್ಲವೂ ಒಟ್ಟಿಗೇ ಕೆಳಗಿಳಿದಿತ್ತು. ಅಂಥ ಹೊರೆಯನ್ನು ವಿಂಗಡಿಸಲು ಹೊಳೆಗೆ ಹಲವು ಮಳೆಗಾಲ ಬೇಕು.

ಹಂತ 7: ನೆರೆ ನೀರನ್ನು ಬಾಟಲಿಗೆ ಹಿಡಿಯುವುದು

ನನ್ನ ಮೊದಲ ವರ್ಷದ ಲೆಕ್ಕ ಪೂರ್ತಿ ತಪ್ಪಿದ್ದು ಇಲ್ಲಿ. ದಡದಲ್ಲಿ ನಿಂತು ಮೇಲಿನ ನೀರು ತುಂಬಿಸಿಕೊಂಡು ಬಂದೆ. ಬಾಟಲಿಯಲ್ಲಿ ಗೋಡು ಮಾತ್ರ ಇತ್ತು, ಒಂದು ಕಾಳು ಮರಳೂ ಇರಲಿಲ್ಲ. ಹೊಳೆ ಮರಳು ಹೊರುತ್ತಿಲ್ಲ ಅಂತ ಬರೆದಿಟ್ಟೆ. ನೀರಿಳಿದ ಮೇಲೆ ನೋಡಿದರೆ ಅದೇ ಜಾಗದಲ್ಲಿ ಮೊಣಕಾಲೆತ್ತರದ ಹೊಸ ಹೊಯ್ಗೆ ದಿಬ್ಬ! ಮರಳು ತಳದ ಹತ್ತಿರ ಹೋಗುತ್ತದೆ, ಮೇಲಿನ ನೀರಿನಲ್ಲಿ ಸಿಗುವುದಿಲ್ಲ.

ಸರಿಯಾದ ಕ್ರಮ ಹೀಗೆ. ಗಟ್ಟಿ ಸೇತುವೆಯ ಮೇಲೆ, ತಡೆಗೋಡೆಯ ಒಳಗೆ ನಿಂತುಕೊಳ್ಳಿ. ಒಂದು ಲೀಟರ್ ಬಾಟಲಿಗೆ ಕಬ್ಬಿಣದ ತೂಕ ಕಟ್ಟಿ, ಮುಚ್ಚಳದಲ್ಲಿ ಸಣ್ಣ ತೂತು ಮಾಡಿ. ಒಂದೇ ವೇಗದಲ್ಲಿ ತಳದವರೆಗೆ ಇಳಿಸಿ, ಅದೇ ವೇಗದಲ್ಲಿ ಎತ್ತಿ. ಬಾಟಲಿ ಮೇಲೆ ಬಂದಾಗ ಪೂರ್ತಿ ತುಂಬಿರಬಾರದು. ತುಂಬಿದ್ದರೆ ಮಧ್ಯದಲ್ಲೇ ತುಂಬಿತು ಅಂತ ಅರ್ಥ, ಚೆಲ್ಲಿ ಮತ್ತೆ ತೆಗೆಯಿರಿ. ಹೊಳೆಯ ಅಗಲದಲ್ಲಿ ಮೂರು ಕಡೆ ಹೀಗೆ ಮಾಡಿ.

ಮನೆಗೆ ತಂದು ಚೆನ್ನಾಗಿ ಕುಲುಕಿ, 20 ಸೆಂ.ಮೀ. ಎತ್ತರಕ್ಕೆ ಉದ್ದನೆಯ ಗಾಜಿನ ಜಾಡಿಗೆ ಹಾಕಿ. ಒಂದು ನಿಮಿಷ ಕಾಯಿರಿ. ಅಷ್ಟರಲ್ಲಿ 0.06 ಮಿ.ಮೀ.ಗಿಂತ ದಪ್ಪದ್ದೆಲ್ಲ ತಳ ಸೇರುತ್ತದೆ. ಮೇಲಿನ ರಾಡಿಯನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಉಳಿದದ್ದು ಮರಳು. ರಾಡಿಯನ್ನು ಮೊದಲೇ ತೂಗಿಟ್ಟ ಫಿಲ್ಟರ್ ಕಾಗದದಲ್ಲಿ ಸೋಸಿ, ಒಣಗಿಸಿ ತೂಗಿ. ಇದಕ್ಕೆ ಚಿನ್ನ ತೂಗುವಂಥ ಸೂಕ್ಷ್ಮ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ಸೋಸದೆ ಕಿಟಕಿಯಲ್ಲಿಟ್ಟರೆ 0.002 ಮಿ.ಮೀ. ಜೇಡಿ 20 ಸೆಂ.ಮೀ. ಇಳಿಯಲು ಹದಿನೈದು ಗಂಟೆಯಷ್ಟು ಹಿಡಿಯುತ್ತದೆ. ಇನ್ನೊಂದು ಜಾಡಿಗೆ ಎರಡು ಚಮಚ ಉಪ್ಪು ಹಾಕಿ ನೋಡಿ. ಜೇಡಿ ಹತ್ತಿಯ ಎಳೆಯ ಹಾಗೆ ಒಂದಕ್ಕೊಂದು ಅಂಟಿ ಬೇಗ ಇಳಿಯುತ್ತದೆ. ಮಂಗಳೂರಿನ ಅಳಿವೆಯಲ್ಲಿ ನೇತ್ರಾವತಿಯ ಸಿಹಿನೀರು ಸಮುದ್ರದ ಉಪ್ಪುನೀರಿಗೆ ಸೇರುವಾಗಲೂ ಜೇಡಿ ಹೀಗೇ ಕೂರುತ್ತದೆ.

ಒಟ್ಟು ಹೊರೆಗೆ ನೀರಿನ ಪ್ರಮಾಣವೂ ಬೇಕು. ಸಿಪ್ಪೆ ಸಹಿತ ಒಣ ತೆಂಗಿನಕಾಯಿ ತೇಲಿಬಿಟ್ಟು ವೇಗ ಅಳೆಯಿರಿ, 0.85ರಿಂದ ಗುಣಿಸಿ, ಹೊಳೆಯ ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಿ. ಸೆಕೆಂಡಿಗೆ 100 ಘನ ಮೀಟರ್ ನೀರು, ಲೀಟರಿಗೆ ಅರ್ಧ ಗ್ರಾಂ ಮಣ್ಣು ಎಂದುಕೊಂಡರೆ ದಿನಕ್ಕೆ 4,320 ಟನ್. 10 ಟನ್ನಿನ ಲಾರಿಯಾದರೆ 432 ಲಾರಿ. ಇದು ತೇಲುವ ಹೊರೆ ಮಾತ್ರ, ಉರುಳುವ ಕಲ್ಲು ಇದರಲ್ಲಿ ಸೇರಿಲ್ಲ. ಇಂಥ ದಿನಗಳು ಸೇರಿಯೇ ತುಂಗಭದ್ರಾ ಜಲಾಶಯದಲ್ಲಿ ಹೂಳು ತುಂಬಿದ್ದು. 1953ರಲ್ಲಿ ನೀರು ನಿಲ್ಲಿಸಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಅದು ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ಜಲಾಶಯಗಳಲ್ಲಿ ದಪ್ಪದ್ದು ಹಿನ್ನೀರಿನ ಬಾಯಲ್ಲೇ ಕೂರುತ್ತದೆ, ನುಣ್ಣನೆಯದು ಕಟ್ಟೆಯವರೆಗೆ ಬರುತ್ತದೆ.

ಬಾಟಲಿಯ ಮೇಲೆ ದಿನಾಂಕದ ಜೊತೆ ಯಾವ ಮಳೆ ಎಂದೂ ಬರೆಯಿರಿ. ಜೂನ್‌ನ ಮೃಗಶಿರಾ ಮಳೆಯ ಮೊದಲ ನೆರೆಯೂ ಆಟಿ ತಿಂಗಳ (ಜುಲೈ-ಆಗಸ್ಟ್) ನೆರೆಯೂ ಒಂದೇ ಎತ್ತರ ಬಂದರೂ ಬಣ್ಣ ಬೇರೆ. ಮೊದಲನೆಯದು ಕಡುಕೆಂಪು. ಗೋಡು ಎಷ್ಟು ಬರುತ್ತದೆ ಎಂಬುದು ಹೊಳೆಯ ಬಲಕ್ಕಿಂತ ಗುಡ್ಡ, ತೋಟ, ರಸ್ತೆ ಬದಿಯಲ್ಲಿ ಎಷ್ಟು ಸಡಿಲ ಮಣ್ಣಿದೆ ಎಂಬುದನ್ನು ಅವಲಂಬಿಸಿದೆ. ಕಲ್ಲು ಹಾಗಲ್ಲ, ಅದು ನೀರಿನ ಬಲಕ್ಕೆ ಮಾತ್ರ ಏಳುತ್ತದೆ.

ಹಂತ 8: ಬಣ್ಣದ ಕಲ್ಲು ಮತ್ತು ಸರಪಳಿ

ಉರುಳುವ ಹೊರೆಯನ್ನು ಬಾಟಲಿಯಲ್ಲಿ ಹಿಡಿಯಲಾಗದು. ಏಪ್ರಿಲ್‌ನಲ್ಲಿ ಅದೇ ಹೊಳೆಯ 60 ಕಲ್ಲು ಆರಿಸಿ: 20 ಸಣ್ಣ, 20 ನಡುಗಾತ್ರ, 20 ದಪ್ಪ. ಹಳದಿ ಬಣ್ಣದ ಪಟ್ಟಿ ಬಳಿದು ಸಂಖ್ಯೆ ಬರೆದು, ಹೊಳೆಗೆ ಅಡ್ಡಲಾಗಿ ಒಂದೇ ಸಾಲಿನಲ್ಲಿ ಇಡಿ. ಸುಮ್ನೆ ಮೇಲೆ ಇಟ್ಟರೆ ಬೇಗ ಉರುಳುತ್ತವೆ. ಅಲ್ಲಿದ್ದ ಕಲ್ಲನ್ನು ತೆಗೆದು ಅದರ ಗುಂಡಿಯಲ್ಲೇ ಕೂರಿಸಿ. ಅದೇ ಸಾಲಿನಲ್ಲಿ ಒಂದು ಮೀಟರ್ ಉದ್ದದ ಕಬ್ಬಿಣದ ಸರಪಳಿಯನ್ನು ತಳಕ್ಕೆ ನೇರವಾಗಿ ಹೂತಿಡಿ, ಮೇಲಿನ ತುದಿ ಮಾತ್ರ ಕಾಣುವಂತೆ.

ಡಿಸೆಂಬರಿನಲ್ಲಿ ಹೋಗಿ ಹುಡುಕಿ. ಎಲ್ಲ ಸಿಗುವುದಿಲ್ಲ, ಸಣ್ಣವು ಹೆಚ್ಚಾಗಿ ಹೂತುಹೋಗಿರುತ್ತವೆ. ಸಿಕ್ಕ ಒಂದೊಂದಕ್ಕೂ ಎಷ್ಟು ದೂರ, ಮೇಲಿತ್ತೋ ಕೆಳಗಿತ್ತೋ, ಯಾವ ಕಲ್ಲಿನ ಮರೆಯಲ್ಲಿತ್ತು ಎಂದು ಬರೆಯಿರಿ. ದಪ್ಪ ಕಲ್ಲು ಸಣ್ಣದರಷ್ಟೇ ದೂರ ಹೋಗಿದ್ದರೆ ಹಂತ 6ರಲ್ಲಿ ಹೇಳಿದ್ದು ನಿಮ್ಮ ಹೊಳೆಯಲ್ಲೂ ನಡೆದಿದೆ. ಆಮೇಲೆ ಸರಪಳಿಯ ಜಾಗ ಅಗೆಯಿರಿ. ಅದು ಎಲ್ಲಿ ಬಾಗಿ ಅಡ್ಡ ಮಲಗಿದೆಯೋ ನೆರೆ ಅಲ್ಲಿಯವರೆಗೆ ತಳವನ್ನು ಕಿತ್ತಿದೆ. ಅಡ್ಡ ಮಲಗಿದ ಭಾಗದ ಮೇಲೆ ಕೂತಿರುವುದು ಈ ವರ್ಷ ಬಂದ ಹೊಸ ಹೊರೆ. ಅದನ್ನು ಬಕೆಟ್ಟಿಗೆ ತುಂಬಿ, ಜರಡಿ ಹಿಡಿದು, ಫೆಬ್ರವರಿಯ ಪುಟದ ಪಕ್ಕದ ಪುಟದಲ್ಲಿ ಬರೆಯಿರಿ.